ಓದ್ತಾರೆ, ಕೇಳ್ತಾರೆ, ಅರ್ಥ ಆಯ್ತಾ? ಹೈಸ್ಕೂಲ್ ಇಂಗ್ಲಿಷ್ ಟೆಸ್ಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ಗ್ರಾಮರ್ ಬಗ್ಗೆ ಜಾಸ್ತಿ ಪತ್ರ ಬರುತ್ತವೆ ಅಂದುಕೊಂಡಿದ್ದೆ. ಆದರೆ ಹೆಚ್ಚಿನವರು ಕೇಳಿರುವುದು ಮಕ್ಕಳು ಕೇಳಿದ್ದು, ಓದಿದ್ದು ಅರ್ಥ ಮಾಡಿಕೊಳ್ಳುತ್ತಾರೋ ಇಲ್ಲವೋ ಅಂತ ತಿಳಿಯುವುದು ಹೇಗೆ ಎಂದು. ಒಳ್ಳೆಯದೇ ಆಯಿತು. ಕೆಲವು ಪತ್ರಗಳನ್ನು ಚುಟುಕಾಗಿಸಿದ್ದೇನೆ.

ಪ್ರಶ್ನೆ: ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮ. ಒಂಬತ್ತನೇ ತರಗತಿಯಲ್ಲಿ 52 ಮಕ್ಕಳು. ಈ ಸಲ ಎಫ್‌ಎ (ಶಾಲೆಯಲ್ಲೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಲಿಸನಿಂಗ್ ಟೆಸ್ಟ್ ಮಾಡೋಣ ಅಂತಿದ್ದೇನೆ. ನನ್ನ ಹತ್ತಿರ ಇರುವುದು ಮೊಬೈಲು, ಒಂದು ಸಣ್ಣ ಬ್ಲೂಟೂತ್ ಸ್ಪೀಕರ್, ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಇಲ್ಲದ್ದಕ್ಕೆ ಯಾಕೆ ಒದ್ದಾಡ್ತೀರಿ ಅಂತ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಹೇಗೆ ಮಾಡಲಿ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ನಗುವವರು ನಗಲಿ ಮೇಡಂ, ನೀವು ಮಾಡಿ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಬರವಣಿಗೆ ಪರೀಕ್ಷೆ, ಉಳಿದ 20 ಆಂತರಿಕ ಅಂಕ. ಆ ಎಂಬತ್ತರಲ್ಲಿ ಕಿವಿಗೆ ಕೆಲಸವೇ ಇಲ್ಲ. ಹಾಗಾಗಿ ನಮ್ಮ ಮಕ್ಕಳು ಇಂಗ್ಲಿಷನ್ನು ಕಿವಿಯಿಂದ ಎಷ್ಟು ಹಿಡಿಯುತ್ತಾರೆ ಅಂತ ನೋಡಲು ಇರುವ ಜಾಗ ನಿಮ್ಮ ಎಫ್‌ಎ ಒಂದೇ. ಅಲ್ಲೂ ನೋಡದಿದ್ದರೆ ಮಗು ಹತ್ತು ವರ್ಷ ಇಂಗ್ಲಿಷ್ ಕಲಿತು ಒಮ್ಮೆಯೂ ಯಾರೂ ಅದನ್ನು ಪರೀಕ್ಷಿಸದೆ ಶಾಲೆ ಬಿಟ್ಟು ಹೋಗುತ್ತದೆ.

ಮೊದಲು ಏನನ್ನು ಕೇಳಿಸಬೇಕು ಅನ್ನುವುದು. ಪಠ್ಯದ ಪಾಠ ಓದಿ ಕೇಳಿಸಬೇಡಿ. ಅದು ಅವರಿಗೆ ಗೊತ್ತು. ಅಲ್ಲಿ ನೀವು ನೋಡುವುದು ನೆನಪಿನ ಶಕ್ತಿಯನ್ನು, ಕಿವಿಯನ್ನಲ್ಲ. ಒಂದರಿಂದ ಒಂದೂವರೆ ನಿಮಿಷದ ಹೊಸ ಮಾತು ಬರೆದುಕೊಳ್ಳಿ. ಅದು ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಆಗಿರಬಹುದು, ಇಬ್ಬರು ಫೋನಿನಲ್ಲಿ ಮಾತಾಡಿದ್ದಾಗಿರಬಹುದು, ಸ್ಕೂಲ್ ಡೇ ಬಗ್ಗೆ ಹೆಡ್‌ಮಾಸ್ಟರ್ ಕೊಟ್ಟ ಸೂಚನೆ ಆಗಿರಬಹುದು. ಮಾತಾಡುವ ಹಾಗೆಯೇ ಬರೆಯಿರಿ, ಪ್ರಬಂಧದ ಇಂಗ್ಲಿಷ್ ಬೇಡ.

ಒಂದು ಉದಾಹರಣೆ ಕೊಡುತ್ತೇನೆ. "ದಿ ಬಸ್ ಟು ಧಾರವಾಡ್ ವಿಲ್ ನಾಟ್ ಲೀವ್ ಫ್ರಮ್ ಪ್ಲಾಟ್‌ಫಾರ್ಮ್ ಟೂ ಟುಡೇ. ಪ್ಲೀಸ್ ಗೋ ಟು ಪ್ಲಾಟ್‌ಫಾರ್ಮ್ ಫೋರ್. ದಿ ಬಸ್ ಈಸ್ ಫಿಫ್ಟೀನ್ ಮಿನಿಟ್ಸ್ ಲೇಟ್." ಇದಕ್ಕೆ ಪ್ರಶ್ನೆ: ಧಾರವಾಡಕ್ಕೆ ಹೋಗುವವರು ಯಾವ ಪ್ಲಾಟ್‌ಫಾರ್ಮಿಗೆ ಹೋಗಬೇಕು? ಆಯ್ಕೆಗಳು ಎರಡು, ನಾಲ್ಕು, ಹದಿನೈದು. ಮೂರು ಸಂಖ್ಯೆಯೂ ಆಡಿಯೋದಲ್ಲಿ ಬರುತ್ತವೆ. ಸುಮ್ನೆ ಒಂದು ಸಂಖ್ಯೆ ಕಿವಿಗೆ ಬಿದ್ದ ತಕ್ಷಣ ಗುರುತು ಹಾಕುವ ಮಗು 'ಎರಡು' ಅನ್ನುತ್ತದೆ, 'ನಾಟ್' ಹಿಡಿದ ಮಗು 'ನಾಲ್ಕು' ಅನ್ನುತ್ತದೆ. ಇನ್ನೊಂದು ಪ್ರಶ್ನೆ: ಬಸ್ ಎಷ್ಟು ನಿಮಿಷ ತಡ? ಹದಿನೈದೋ ಐವತ್ತೋ? ಫಿಫ್ಟೀನ್, ಫಿಫ್ಟಿ ನಡುವೆ ನಮ್ಮ ಮಕ್ಕಳು ಎಡವುವುದು ಇದ್ದದ್ದೇ. ಫಿಫ್ಟೀನ್‌ನಲ್ಲಿ ಒತ್ತು ಕೊನೆಗೆ ಬೀಳುತ್ತದೆ, ಫಿಫ್ಟಿಯಲ್ಲಿ ಮೊದಲಿಗೆ. ಇದು ಗೊತ್ತಾಗುವುದು ಕೇಳಿದಾಗ ಮಾತ್ರ, ಎಷ್ಟು ಸಲ ಬರೆಸಿದರೂ ಗೊತ್ತಾಗುವುದಿಲ್ಲ. ಆದರೆ ಬಸ್ 9.50ಕ್ಕೆ ಹೊರಡಬೇಕಿತ್ತು, 35 ನಿಮಿಷ ತಡ, ಹಾಗಾದರೆ ಎಷ್ಟು ಗಂಟೆಗೆ ಹೊರಡುತ್ತದೆ ಅಂತೆಲ್ಲ ಕೇಳಬೇಡಿ. ಅಲ್ಲಿ ತಪ್ಪಿದವರು ಇಂಗ್ಲಿಷಿನಲ್ಲಿ ತಪ್ಪಿದರೋ ಲೆಕ್ಕದಲ್ಲಿ ತಪ್ಪಿದರೋ ನಿಮಗೆ ತಿಳಿಯುವುದಿಲ್ಲ.

ಪ್ರಶ್ನೆಗಳನ್ನು ಕನ್ನಡದಲ್ಲಿ ಕೊಡಬಹುದಾ? ಎಂಟು, ಒಂಬತ್ತಕ್ಕೆ ಧಾರಾಳವಾಗಿ ಕೊಡಿ ಅನ್ನುವವನು ನಾನು. ಪ್ರಶ್ನೆಯೇ ಇಂಗ್ಲಿಷಿನಲ್ಲಿದ್ದು, ಅದನ್ನು ಓದಲಾಗದೆ ಮಗು ಸೋತರೆ ಅದು ಲಿಸನಿಂಗ್ ಟೆಸ್ಟ್ ಆಗಲಿಲ್ಲ. ಹತ್ತಕ್ಕೆ ಬಂದಾಗ ಸಣ್ಣ ಇಂಗ್ಲಿಷ್ ಪ್ರಶ್ನೆ ಇರಲಿ.

ಇನ್ನು ಆಡಿಯೋ. ನೀವೇ ಕ್ಲಾಸಿನಲ್ಲಿ ನಿಂತು ಓದುವುದಕ್ಕಿಂತ ರೆಕಾರ್ಡ್ ಮಾಡಿದ್ದು ಒಳ್ಳೆಯದು. ಎದುರು ನಿಂತು ಓದುವಾಗ ನಮಗೇ ಗೊತ್ತಿಲ್ಲದೆ ಉತ್ತರ ಇರುವ ಕಡೆ ನಿಧಾನಿಸುತ್ತೇವೆ, ದನಿ ಎತ್ತುತ್ತೇವೆ, ಮಕ್ಕಳ ಕಡೆ ಒಂದು ನೋಟ ಬಿಡುತ್ತೇವೆ. ಜೊತೆಗೆ ಮಕ್ಕಳಿಗೆ ನಿಮ್ಮ ದನಿ ಅಭ್ಯಾಸ ಆಗಿಬಿಟ್ಟಿರುತ್ತದೆ. ನಿಮ್ಮ ಕ್ಲಸ್ಟರಿನ ಬೇರೆ ಶಾಲೆಯ ಇಂಗ್ಲಿಷ್ ಮೇಷ್ಟ್ರ ಹತ್ತಿರ ಓದಿಸಿ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ, ಬದಲಿಗೆ ಅವರಿಗೆ ನೀವು ಓದಿ ಕಳಿಸಿ. ವೇಗ? ಸಹಜ ಮಾತು ನಿಮಿಷಕ್ಕೆ ಸುಮಾರು 150 ಪದದ ಆಸುಪಾಸಿನಲ್ಲಿ ಓಡುತ್ತದೆ. ಒಂಬತ್ತನೇ ತರಗತಿಗೆ ನೂರು, ನೂರಹತ್ತು ಸಾಕು. ಆದರೆ ನಿಧಾನ ಅಂದರೆ ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಉದುರಿಸುವುದಲ್ಲ. ವಾಕ್ಯದ ಮಧ್ಯೆ ಸಹಜವಾಗಿ ಓದಿ, ವಾಕ್ಯ ಮುಗಿದ ಮೇಲೆ ಸ್ವಲ್ಪ ಜಾಸ್ತಿ ಬಿಡುವು ಕೊಡಿ.

52 ಮಕ್ಕಳಿಗೆ ಸಣ್ಣ ಸ್ಪೀಕರನ್ನು ಮೇಜಿನ ಮೇಲಿಟ್ಟರೆ ಹಿಂದಿನ ಬೆಂಚಿಗೆ ಕೇಳುವುದಿಲ್ಲ. ನಡುವಿನ ಸಾಲಿನಲ್ಲಿ ಒಂದು ಸ್ಟೂಲಿನ ಮೇಲಿಡಿ. ಹಿಂದಿನ ದಿನವೇ ಖಾಲಿ ರೂಮಿನಲ್ಲಿ ಹಾಕಿ, ಕೊನೆಯ ಬೆಂಚಿನಲ್ಲಿ ಕೂತು ನೀವೇ ಕೇಳಿ. ಶೀಟಿನ ಮಾಡು ಇದ್ದರೆ ಮಳೆಗಾಲದಲ್ಲಿ ಬೆಳಗಿನ ಪೀರಿಯಡ್ ಹಿಡಿಯಿರಿ, ಮಧ್ಯಾಹ್ನದ ಮಳೆ ಶುರುವಾದರೆ ನಿಮ್ಮ ಟೆಸ್ಟ್ ಅಲ್ಲಿಗೇ ಮುಗಿಯಿತು. ಬಿಸಿಯೂಟದ ಹೊತ್ತಿಗೆ ಹತ್ತಿರ ಅಂತೂ ಬೇಡವೇ ಬೇಡ. ಸಾಧ್ಯವಾದರೆ 26 ಮಕ್ಕಳಂತೆ ಎರಡು ತಂಡ ಮಾಡಿ, ಒಂದು ತಂಡ ಪಿಇ ಪೀರಿಯಡ್ಡಿಗೆ ಹೋಗಲಿ.

ಮಾಡಿದ ಮೇಲೆ ಬರೀ ಅಂಕ ಎಂಟ್ರಿ ಮಾಡಿ ಮುಗಿಸಬೇಡಿ. ಪ್ರತಿ ಪ್ರಶ್ನೆಗೂ ಎಷ್ಟು ಮಕ್ಕಳು ತಪ್ಪಿದರು ಅಂತ ಒಂದು ಹಾಳೆಯಲ್ಲಿ ಗೆರೆ ಹಾಕಿ. ಆರನೇ ಪ್ರಶ್ನೆಯಲ್ಲಿ 45 ಜನ ತಪ್ಪಿದ್ದರೆ ಮಕ್ಕಳು ದಡ್ಡರಲ್ಲ, ಒಂದೋ ಪ್ರಶ್ನೆ ಕೆಟ್ಟದ್ದು, ಇಲ್ಲವೇ ಮುಂದಿನ ವಾರ ನೀವು ಕಲಿಸಬೇಕಾದದ್ದು ಅದೇ.

ಪ್ರಶ್ನೆ: ಲಿಸನಿಂಗ್ ಟೆಸ್ಟಿನಲ್ಲಿ ಸ್ಪೆಲಿಂಗ್ ತಪ್ಪಿದರೆ ಅಂಕ ಕಳೆಯಬೇಕಾ? ನಮ್ಮ ಶಾಲೆಯಲ್ಲಿ ಇದೇ ಜಗಳ.
— ಶಿಕ್ಷಕ, ಕೊಪ್ಪಳ

ಉತ್ತರ: ಕಳೆಯಬೇಡಿ. ಮಗು ವೆನ್ಸ್‌ಡೇ ಅನ್ನುವುದನ್ನು ಹೇಗೆ ಬೇಕಾದರೂ ಬರೆಯಲಿ, ಬುಧವಾರ ಅಂತ ಗೊತ್ತಾಯಿತು ಅಲ್ವಾ, ಅಷ್ಟು ಸಾಕು. ಐಇಎಲ್‌ಟಿಎಸ್‌ನಂಥ ಪರೀಕ್ಷೆಯಲ್ಲಿ ಸ್ಪೆಲಿಂಗಿಗೆ ಅಂಕ ಹೋಗುತ್ತದೆ, ನಿಜ, ಆದರೆ ಅದು ವಿದೇಶಕ್ಕೆ ಓದಲು ಹೋಗುವವರನ್ನು ಅಳೆಯುವ ಪರೀಕ್ಷೆ. ನಿಮ್ಮದು ಕೊಪ್ಪಳದ ಎಂಟನೇ ತರಗತಿ. ಸ್ಪೆಲಿಂಗ್ ನೋಡಬೇಕು ಅನ್ನಿಸಿದರೆ ಡಿಕ್ಟೇಶನ್ ಬೇರೆ ಕೊಡಿ.

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಇಂಗ್ಲಿಷಿನಲ್ಲಿ 80ಕ್ಕೆ 70ರ ಮೇಲೆ ತೆಗೆಯುತ್ತಾಳೆ. ಪ್ಯಾಸೇಜ್ ಪ್ರಶ್ನೆಗೆ ಪೂರ್ತಿ ಅಂಕ. ಆದರೆ ಮೊನ್ನೆ ಗ್ಯಾಸ್ ಏಜೆನ್ಸಿಯಿಂದ ಬಂದ ಇಂಗ್ಲಿಷ್ ಮೆಸೇಜ್ ಓದಿ ಏನು ಬರೆದಿದೆ ಹೇಳು ಅಂದರೆ ತಬ್ಬಿಬ್ಬಾದಳು. ಇದು ಹೇಗೆ ಸಾಧ್ಯ?
— ತಂದೆ, ತುಮಕೂರು

ಉತ್ತರ: ತುಂಬಾ ಸಾಧ್ಯ. ಒಂದು ಆಟ ಆಡೋಣ. ಈ ವಾಕ್ಯ ಓದಿ: "ಗಿಮುಟನು ಸಳಪೆಯಲ್ಲಿ ಜುಂಪೆಯನ್ನು ತೊಣಕಿದನು." ಈಗ ಪ್ರಶ್ನೆ: ಗಿಮುಟನು ಜುಂಪೆಯನ್ನು ಎಲ್ಲಿ ತೊಣಕಿದನು? ಸಳಪೆಯಲ್ಲಿ. ಸಳಪೆಯಲ್ಲಿ ಏನನ್ನು ತೊಣಕಿದನು? ಜುಂಪೆಯನ್ನು. ಎರಡಕ್ಕೂ ಪೂರ್ತಿ ಅಂಕ ಬಂತು. ಗಿಮುಟ ಯಾರು, ಸಳಪೆ ಅಂದರೆ ಏನು, ನನಗೂ ಗೊತ್ತಿಲ್ಲ, ಎಲ್ಲ ಈಗ ಕಟ್ಟಿದ ಪದಗಳು. ಪ್ರಶ್ನೆಯ ಪದಗಳನ್ನು ಪ್ಯಾಸೇಜಿನಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆಯುವುದು ಒಂದು ಕಸುಬು. ನಮ್ಮ ಮಕ್ಕಳು ಅದರಲ್ಲಿ ಪಳಗಿದ್ದಾರೆ. ಅದಕ್ಕೆ ಇಂಗ್ಲಿಷ್ ಅರ್ಥ ಆಗಬೇಕಿಲ್ಲ. ಇನ್ನು ಪಾಠದ ಪ್ರಶ್ನೆಗಳ ಉತ್ತರ ನೋಟ್ಸಿನಿಂದ, ಪಾಸಿಂಗ್ ಪ್ಯಾಕೇಜಿನಿಂದ ಬಾಯಿಪಾಠ ಆಗಿಬಿಟ್ಟಿರುತ್ತದೆ. ಅಂಕ ಸುಳ್ಳಲ್ಲ. ಆದರೆ ಅದು ಅಳೆದದ್ದು ಬೇರೆ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಮಕ್ಕಳ ಕಲಿಕೆ ಎಷ್ಟಿದೆ ಅಂತ ನೋಡುವ ಅಸರ್ ಸಮೀಕ್ಷೆ 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಮಾತಾಡಿಸಿತ್ತು. ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಶೇ. 57ರಷ್ಟು. ಹಾಗೆ ಓದಿದವರಲ್ಲಿ ಅರ್ಥವನ್ನೂ ಹೇಳಬಲ್ಲವರು ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ. ಅಂದರೆ ವಾಕ್ಯ ಸರಾಗವಾಗಿ ಓದಿ ಮುಗಿಸಿಯೂ ಅದರ ಅರ್ಥ ಗೊತ್ತಿಲ್ಲದ ಕಾಲು ಭಾಗ ಮಕ್ಕಳಿದ್ದಾರೆ. ಅಸರ್‌ನವರು ಓದು ಮತ್ತು ಅರ್ಥವನ್ನು ಬೇರೆ ಬೇರೆ ಕೇಳಿದ್ದರಿಂದ ಇದು ಹೊರಬಂತು. ನಮ್ಮ ಪ್ರಶ್ನೆಪತ್ರಿಕೆ ಎರಡನ್ನೂ ಕಲಸಿಬಿಡುತ್ತದೆ.

ಮನೆಯಲ್ಲಿ ನೀವೇ ನೋಡಬಹುದು, ನಿಮ್ಮ ಇಂಗ್ಲಿಷ್ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಒಂದು ಸಣ್ಣ ನೋಟೀಸು ತೆಗೆದುಕೊಳ್ಳಿ. "ದಿ ಲೈಬ್ರರಿ ವಿಲ್ ರಿಮೇನ್ ಕ್ಲೋಸ್ಡ್ ಆನ್ ಮಂಡೇ. ಬುಕ್ಸ್ ಡ್ಯೂ ಆನ್ ಮಂಡೇ ಮೇ ಬಿ ರಿಟರ್ನ್ಡ್ ಆನ್ ಟ್ಯೂಸ್‌ಡೇ ವಿದೌಟ್ ಫೈನ್." ಲೈಬ್ರರಿ ಯಾವತ್ತು ಮುಚ್ಚಿರುತ್ತದೆ ಅಂತ ಕೇಳಬೇಡಿ, ಅದು ಗಿಮುಟನ ಪ್ರಶ್ನೆ. ಹೀಗೆ ಕೇಳಿ: ನಿನ್ನ ಪುಸ್ತಕ ಸೋಮವಾರ ವಾಪಸ್ ಕೊಡಬೇಕಿತ್ತು, ಮಂಗಳವಾರ ಕೊಟ್ಟೆ, ದಂಡ ಕಟ್ಟಬೇಕಾ? ಬುಧವಾರ ಕೊಟ್ಟರೆ? ಎರಡನೆಯದಕ್ಕೆ ಉತ್ತರ ನೋಟೀಸಿನಲ್ಲಿ ನೇರವಾಗಿ ಇಲ್ಲ, ಆದರೆ ಅರ್ಥ ಆದವರಿಗೆ ಹೊಳೆಯುತ್ತದೆ. ಅವಳು ಉತ್ತರವನ್ನು ಕನ್ನಡದಲ್ಲೇ ಹೇಳಲಿ. ನೀವು ನೋಡುತ್ತಿರುವುದು ಓದು, ಬರವಣಿಗೆಯಲ್ಲ. ಮಾತ್ರೆಯ ಸ್ಟ್ರಿಪ್, ಮಿಕ್ಸಿಯ ಗ್ಯಾರಂಟಿ ಕಾರ್ಡು, ರೈಲ್ವೆ ಟಿಕೆಟಿನ ಹಿಂದಿನ ಸೂಚನೆ, ಎಲ್ಲವೂ ಆಗುತ್ತದೆ.

ಇನ್ನೊಂದು ಮಾತು. ನೀವು ಕೊಡುವ ತುಣುಕಿನಲ್ಲಿ ನೂರು ಪದಕ್ಕೆ ಎರಡರಿಂದ ಐದು ಪದ ಅವಳಿಗೆ ಹೊಸತಾಗಿದ್ದರೆ ಸರಿ, ಅಷ್ಟನ್ನು ಸುತ್ತಲ ಮಾತಿನಿಂದ ಊಹಿಸಿಕೊಂಡು ದಾಟಬಹುದು. ಹದಿನೈದು ಇಪ್ಪತ್ತು ಪದ ಗೊತ್ತಿಲ್ಲದಿದ್ದರೆ ಯಾರಿಗೂ ಅರ್ಥ ಆಗುವುದಿಲ್ಲ, ಅದರಿಂದ ಅವಳ ಓದಿನ ಬಗ್ಗೆ ಏನೂ ತಿಳಿಯುವುದೂ ಇಲ್ಲ. ಇಂಗ್ಲಿಷ್ ಪೇಪರಿನ ಸಂಪಾದಕೀಯ ಕೊಟ್ಟು ಮಗಳನ್ನು ಬೈಯುವ ಅಪ್ಪಂದಿರನ್ನು ನೋಡಿದ್ದೇನೆ. ಪಾಪ ಆ ಮಕ್ಕಳು.

ಪ್ರಶ್ನೆ: ಎಂಟನೇ ತರಗತಿಗೆ ಬರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಇಂಗ್ಲಿಷ್ ಪಾಠ ಜೋರಾಗಿ ಓದಿಸುತ್ತೇನೆ. ಅದೇ ನನ್ನ ರೀಡಿಂಗ್ ಟೆಸ್ಟ್. ತರಬೇತಿಯಲ್ಲಿ ಅದು ರೀಡಿಂಗ್ ಟೆಸ್ಟೇ ಅಲ್ಲ ಅಂದರು. ಹಾಗಾದರೆ ಏನು?
— ಶಿಕ್ಷಕ, ರಾಯಚೂರು ಜಿಲ್ಲೆ

ಉತ್ತರ: ತರಬೇತಿಯಲ್ಲಿ ಹೇಳಿದ್ದು ಅರ್ಧ ಸರಿ ಸರ್. ಜೋರಾಗಿ ಓದಿಸಿದರೆ ಮಗು ಅಕ್ಷರವನ್ನು ಶಬ್ದ ಮಾಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಹಾಗಾಗಿ ನಮಗೆ ಇದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ದೋ, ಥ್ರೂ, ಟಫ್ ಮೂರರ ಕೊನೆಯಲ್ಲೂ ಒಂದೇ ನಾಲ್ಕು ಅಕ್ಷರ, ಮೂರಕ್ಕೂ ಮೂರು ದನಿ. ಎಂಟಕ್ಕೆ ಬಂದ ಮಗುವಿಗೆ ಇದು ಎಷ್ಟು ಬಂದಿದೆ ಅಂತ ನೋಡಲೇಬೇಕು. ಆದರೆ ಇಡೀ ಕ್ಲಾಸಿನ ಎದುರು ಬೇಡ. ತಡವರಿಸಿದರೆ ಹಿಂದಿನಿಂದ ಕಿಸಕ್ ಅನ್ನುವವರು ಇದ್ದೇ ಇರುತ್ತಾರೆ, ಆಮೇಲೆ ಆ ಹುಡುಗ ವರ್ಷವಿಡೀ ತಲೆ ತಗ್ಗಿಸಿ ಕೂರುತ್ತಾನೆ. ವರಾಂಡದಲ್ಲಿ ಒಬ್ಬೊಬ್ಬರನ್ನೇ ಕರೆದು ಎರಡು ನಿಮಿಷ ಓದಿಸಿ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ ಒಂದು. ಒಂದೇ ಮಟ್ಟದ ಎರಡು ಸಣ್ಣ ಕಥೆ ತಗೊಳ್ಳಿ, ಎಂಟು ಹತ್ತು ವಾಕ್ಯದ್ದು. ಒಂದನ್ನು ನೀವು ಓದಿ ಕೇಳಿಸಿ, ನಾಲ್ಕು ಪ್ರಶ್ನೆ ಕೇಳಿ. ಇನ್ನೊಂದನ್ನು ಮಗುವೇ ಮನಸ್ಸಿನಲ್ಲಿ ಓದಿಕೊಳ್ಳಲಿ, ನಾಲ್ಕು ಪ್ರಶ್ನೆ ಕೇಳಿ. ಉತ್ತರ ಕನ್ನಡದಲ್ಲಿ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೇಳಿದ್ದು ಅರ್ಥ ಆಗಿದೆ, ಓದಿದ್ದು ಆಗಿಲ್ಲ ಅಂದರೆ ಆ ಮಗುವಿಗೆ ಭಾಷೆ ಒಂದಷ್ಟು ಗೊತ್ತಿದೆ, ಅಕ್ಷರ ಕೈಕೊಡುತ್ತಿದೆ. ಅವನಿಗೆ ಅಕ್ಷರ, ಶಬ್ದದ ಕೆಲಸ ಕೊಡಿ. ಎರಡೂ ಆಗಿಲ್ಲವಾ? ಹಾಗಾದರೆ ಅವನಿಗೆ ಪದಗಳೇ ಗೊತ್ತಿಲ್ಲ, ಎಷ್ಟು ಜೋರಾಗಿ ಓದಿಸಿದರೂ ಉಪಯೋಗವಿಲ್ಲ, ಕಥೆ ಹೇಳಿ, ಮಾತಾಡಿಸಿ. ಓದಿದ್ದು ಅರ್ಥ ಆಗಿ ಕೇಳಿದ್ದು ಆಗದಿದ್ದರೆ ಅವನು ಪುಸ್ತಕದಿಂದ ಮಾತ್ರ ಇಂಗ್ಲಿಷ್ ಕಲಿತವನು. ನಮ್ಮಲ್ಲಿ ಫಸ್ಟ್ ಕ್ಲಾಸ್ ತೆಗೆಯುವ ಎಷ್ಟೋ ಮಕ್ಕಳು ಈ ಗುಂಪಿನವರು. ಓದು ಅಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ, ಎರಡರ ಗುಣಾಕಾರ ಅಂತ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಬರೆದರು. ಗುಣಾಕಾರ, ಸಂಕಲನ ಅಲ್ಲ. ಒಂದು ಸೊನ್ನೆಯಾದರೆ ಎಲ್ಲ ಸೊನ್ನೆ.

ಹೀಗಾಗಿ ಲಿಸನಿಂಗ್ ಬೇರೆ, ರೀಡಿಂಗ್ ಬೇರೆ ಅಂತ ವರ್ಷದ ಎರಡು ತುದಿಯಲ್ಲಿ ಟೆಸ್ಟ್ ಇಡಬೇಡಿ. ಒಂದೇ ವಾರದಲ್ಲಿ ಎರಡೂ ಮಾಡಿ. ಜೋಡಿಯಾಗಿ ನೋಡಿದರೇ ಅದರಿಂದ ಪ್ರಯೋಜನ. ಬೇರೆ ಬೇರೆಯಾಗಿ ನೋಡಿದರೆ ಬರೀ ಎರಡು ಅಂಕ ಸಿಗುತ್ತವೆ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್. ನಮ್ಮ ಮಿಸ್ ಲಿಸನಿಂಗ್ ಆಡಿಯೋ ಎರಡು ಸಲ ಹಾಕ್ತಾರೆ. ಮೊದಲೆರಡು ಪ್ರಶ್ನೆ ಗೊತ್ತಾಗತ್ತೆ, ಮೂರನೇದಕ್ಕೆ ಬರೋಷ್ಟರಲ್ಲಿ ಎಲ್ಲ ತಪ್ಪಿ ಹೋಗತ್ತೆ. ಸ್ಕ್ರಿಪ್ಟ್ ಕೊಟ್ಟಾಗ ನೋಡಿದರೆ ಎಲ್ಲ ಗೊತ್ತಿರೋ ಪದಗಳೇ!
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಪುಟ್ಟಿ, ಗೊತ್ತಿರುವ ಪದಗಳೇ ಕೇಳಿಸದೆ ಹೋಗುವುದಕ್ಕೆ ಕಾರಣ ಇದೆ. ಕನ್ನಡವನ್ನೇ ನೋಡು. ಪುಸ್ತಕದಲ್ಲಿ "ಏನು ಮಾಡುತ್ತಾ ಇದ್ದೀಯ" ಅಂತಿರುತ್ತದೆ, ಬಾಯಲ್ಲಿ ಅದು "ಏನ್ಮಾಡ್ತಿದ್ಯ". ಪುಸ್ತಕದಿಂದ ಮಾತ್ರ ಕನ್ನಡ ಕಲಿತ ಒಬ್ಬರು ಮೆಜೆಸ್ಟಿಕ್‌ನಲ್ಲಿ ಇಳಿದರೆ ಕಂಗಾಲಾಗುತ್ತಾರೆ. ಇಂಗ್ಲಿಷಿನಲ್ಲೂ ಹಾಗೇ. "ಪುಟ್ ಇಟ್ ಆನ್" ಅನ್ನುವುದು "ಪುಟಿಟಾನ್" ಅಂತ ಒಂದೇ ಪದದ ಹಾಗೆ ಕೇಳುತ್ತದೆ. ಟು, ಆಫ್, ಫಾರ್, ಆಂಡ್ ಥರದ ಸಣ್ಣ ಪದಗಳು ನುಂಗಿಹೋಗುತ್ತವೆ. ದೊಡ್ಡ ಮೋಸ ಕ್ಯಾನ್‌ನದ್ದು. "ಐ ಕ್ಯಾನ್ ಕಮ್" ಅನ್ನುವಾಗ ಕ್ಯಾನ್ ಬಹುಪಾಲು "ಕ್ನ್" ಆಗಿಬಿಡುತ್ತದೆ, "ಕಾಂಟ್" ಅನ್ನುವಾಗ ಪೂರ್ತಿಯಾಗಿ, ಒತ್ತಿ ಬರುತ್ತದೆ. ಕೊನೆಯ 'ಟ್' ಕೇಳಿಸಲಿ ಅಂತ ಕಾಯಬೇಡ, ಒತ್ತು ಎಲ್ಲಿದೆ ಅಂತ ನೋಡು.

ಮೂರನೇ ಪ್ರಶ್ನೆಯಲ್ಲಿ ಯಾಕೆ ತಪ್ಪುತ್ತದೆ ಅಂದರೆ, ಎರಡನೆಯದರ ಉತ್ತರ ಬರೆಯುತ್ತಾ ಕೂತಿರುತ್ತೀಯ, ಅಷ್ಟರಲ್ಲಿ ಆಡಿಯೋ ಮುಂದೆ ಹೋಗಿರುತ್ತದೆ. ಶುರುವಾಗುವ ಮೊದಲೇ ಎಲ್ಲ ಪ್ರಶ್ನೆ ಓದಿಕೋ, ಪ್ರತಿಯೊಂದಕ್ಕೂ ಏನು ಬೇಕು ಅಂತ ಪಕ್ಕದಲ್ಲಿ ಒಂದೇ ಪದದಲ್ಲಿ ಗುರುತು ಮಾಡಿಕೋ: ಸಮಯ, ಜಾಗ, ಕಾರಣ. ಮೊದಲ ಸಲ ಕೇಳುವಾಗ ಪೂರ್ತಿ ಉತ್ತರ ಬರೆಯಬೇಡ, ಅರ್ಧ ಪದ ಗೀಚು. ಮೂರು ತಪ್ಪಿದರೆ ತಪ್ಪಲಿ, ನಾಲ್ಕಕ್ಕೆ ಕಿವಿ ಕೊಡು. ಎರಡನೇ ಸಲ ಬರುತ್ತದಲ್ಲ. ಎರಡು ಸಲ ಕೇಳಿಸುವುದು ನಿಮ್ಮ ಮಿಸ್ ಮಾಡುವ ಔದಾರ್ಯ ಅಂದುಕೊಳ್ಳಬೇಡ, ಕೇಂಬ್ರಿಜ್‌ನವರ ಎ2 ಕೀ ಫಾರ್ ಸ್ಕೂಲ್ಸ್ ಪರೀಕ್ಷೆಯಲ್ಲೂ ಎರಡು ಸಲವೇ. ಐಇಎಲ್‌ಟಿಎಸ್‌ನಲ್ಲಿ ಮಾತ್ರ ಒಂದೇ ಸಲ.

ಪ್ರಶ್ನೆ: ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಲಿಸನಿಂಗ್ ಪರೀಕ್ಷೆಗೆ ವಿಮಾನಗಳನ್ನೇ ನಿಲ್ಲಿಸುತ್ತಾರಂತೆ. ವಾಟ್ಸಾಪ್ ಕಥೆಯೋ, ನಿಜವೋ? ನಮ್ಮಲ್ಲಿ ಯಾಕೆ ಇಲ್ಲ?
— ಓದುಗ, ಮಂಗಳೂರು

ಉತ್ತರ: ವಾಟ್ಸಾಪಿನಲ್ಲಿ ಬಂದರೂ ಇದು ನಿಜ! ಪ್ರತಿ ನವೆಂಬರ್‌ನಲ್ಲಿ ನಡೆಯುವ 'ಸುನುಂಗ್' ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸುವ ಹೊತ್ತಿನಲ್ಲಿ 35 ನಿಮಿಷ ದೇಶದಾದ್ಯಂತ ವಿಮಾನ ಏರುವ ಹಾಗೂ ಇಲ್ಲ, ಇಳಿಯುವ ಹಾಗೂ ಇಲ್ಲ. ಆಗಲೇ ಆಕಾಶದಲ್ಲಿರುವವು ಮೂರು ಕಿಲೋಮೀಟರಿಗಿಂತ ಮೇಲೆ ಸುತ್ತುತ್ತಿರಬೇಕು. ಇಂಗ್ಲಿಷಿಗೆ 70 ನಿಮಿಷ, 45 ಪ್ರಶ್ನೆ, ಅದರಲ್ಲಿ 17 ಕೇಳಿ ಉತ್ತರಿಸುವವು.

ನನಗೆ ಇದಕ್ಕಿಂತ ಆಸಕ್ತಿಯ ವಿಷಯ ಜಪಾನಿನದು. ಅಲ್ಲಿ ವಿಶ್ವವಿದ್ಯಾಲಯಕ್ಕೆ ಸೇರುವ ಪರೀಕ್ಷೆಯಲ್ಲಿ ಎಷ್ಟೋ ವರ್ಷ ಬರೀ ಓದು, ಗ್ರಾಮರ್. 2006ರಲ್ಲಿ ಲಿಸನಿಂಗ್ ಸೇರಿಸಿದರು. ದೊಡ್ಡ ಸ್ಪೀಕರ್ ಇಟ್ಟು ಕೇಳಿಸಲಿಲ್ಲ, ಪ್ರತಿ ವಿದ್ಯಾರ್ಥಿಗೂ ಒಂದು ಪುಟ್ಟ ಪ್ಲೇಯರ್, ಇಯರ್‌ಫೋನ್ ಕೊಟ್ಟರು. ಮೊದಲು ಓದಿಗೆ 200, ಕೇಳುವುದಕ್ಕೆ 50 ಅಂಕ. 2021ರಲ್ಲಿ ಹೊಸ ಪರೀಕ್ಷೆ ಬಂದಾಗ ಎರಡಕ್ಕೂ ನೂರು ನೂರು ಮಾಡಿದರು, ಓದಿನ ಭಾಗದಲ್ಲಿದ್ದ ಬಿಡಿ ಉಚ್ಚಾರಣೆ, ಗ್ರಾಮರ್ ಪ್ರಶ್ನೆಗಳನ್ನು ಕೈಬಿಟ್ಟರು. ಐವತ್ತರಿಂದ ನೂರಕ್ಕೆ ಬರಲು ಹದಿನೈದು ವರ್ಷ ತಗೊಂಡರು ನೋಡಿ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬರೆಯುವವರು ಎಂಟು ಲಕ್ಷಕ್ಕೂ ಹೆಚ್ಚು. ಕರೆಂಟ್ ಹೋಗುವ ಊರುಗಳಿವೆ, ಪಕ್ಕದ ರೂಮಿನ ಶಬ್ದ ಕೇಳುವ ಕಟ್ಟಡಗಳಿವೆ. ನಾಳೆಯೇ 20 ಅಂಕದ ಲಿಸನಿಂಗ್ ಇಟ್ಟರೆ ಅನುಕೂಲ ಆಗುವುದು ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ. ನನ್ನ ಅಭಿಪ್ರಾಯ ಕೇಳಿದರೆ, ಇಡಬೇಕು, ಆದರೆ ಮೊದಲು ಎಂಟು, ಒಂಬತ್ತರಲ್ಲಿ ಅಂಕ ಲೆಕ್ಕಕ್ಕೆ ಸೇರಿಸದೆ ಎರಡು ಮೂರು ವರ್ಷ ನಡೆಸಿ, ಆಮೇಲೆ ಹತ್ತಕ್ಕೆ ಐದೇ ಐದು ಅಂಕದಿಂದ ಶುರು ಮಾಡಲಿ. ಐದು ಅಂಕ ಸಾಕು, ಪರೀಕ್ಷೆಯಲ್ಲಿ ಬರುತ್ತದೆ ಅಂದಕೂಡಲೇ ಎಲ್ಲ ಶಾಲೆಯಲ್ಲೂ ಸ್ಪೀಕರ್ ಹೊರಗೆ ಬರುತ್ತದೆ.

ಪ್ರಶ್ನೆ: ನಮ್ಮದು ಸಿಬಿಎಸ್‌ಇ ಶಾಲೆ. ಕೇಳುವುದು, ಮಾತಾಡುವುದಕ್ಕೆ ಆಂತರಿಕ ಅಂಕ ಇದೆ. ಆದರೆ ಎಲ್ಲರಿಗೂ ಐದಕ್ಕೆ ಐದು ಹಾಕು ಅಂತ ಮೇಲಿನಿಂದ ಸೂಚನೆ. ಹಾಗಿದ್ದಮೇಲೆ ಟೆಸ್ಟ್ ಯಾಕೆ?
— ಶಿಕ್ಷಕಿ, ಬೆಂಗಳೂರು

ಉತ್ತರ: ಅಂಕ ಏನು ಬೇಕಾದರೂ ಹಾಕಲಿ, ನಿಮ್ಮ ಡೈರಿಯಲ್ಲಿ ನಿಜವಾದದ್ದು ಬರೆದಿಟ್ಟುಕೊಳ್ಳಿ. ಯಾವ ಮಗು ಎಲ್ಲಿ ಎಡವಿತು ಅಂತ. ಆ ಡೈರಿಯೇ ನಿಮ್ಮ ಟೆಸ್ಟ್. ಸಿಬಿಎಸ್‌ಇ 2012–13ರಲ್ಲಿ ಇದಕ್ಕೆಂದೇ ವಿಧಿವತ್ತಾದ ಪರೀಕ್ಷೆ ತಂದಿತ್ತು, ಈಗ ಅದು 20 ಆಂತರಿಕ ಅಂಕದ ಒಂದು ಸಣ್ಣ ಮೂಲೆಗೆ ಬಂದು ಕೂತಿದೆ. ಶಾಲೆಯೇ ಹಾಕುವ ಅಂಕದ ಹಣೆಬರಹ ಇಷ್ಟೇ, ಯಾವ ಬೋರ್ಡ್ ಆದರೂ.

ಪ್ರಶ್ನೆ: ನನ್ನ ಮಗನಿಗೆ ಎರಡೂ ಕಿವಿಯಲ್ಲಿ ಶ್ರವಣ ಕಡಿಮೆ, ಮಶೀನ್ ಹಾಕುತ್ತಾನೆ. ಒಂಬತ್ತನೇ ತರಗತಿ. ಇಂಗ್ಲಿಷ್ ಲಿಸನಿಂಗ್ ಚಟುವಟಿಕೆಯಲ್ಲಿ ಸೊನ್ನೆ ಬಂತು. ಅವನಿಗೆ ತುಂಬಾ ಬೇಜಾರಾಗಿದೆ.
— ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಆ ಸೊನ್ನೆ ಅವನ ಇಂಗ್ಲಿಷಿನದಲ್ಲ. ರೆಕಾರ್ಡ್ ಮಾಡಿದ ದನಿ ಸ್ಪೀಕರಿನಲ್ಲಿ ಬಂದರೆ ತುಟಿ ಕಾಣುವುದಿಲ್ಲ, ಕ್ಲಾಸಿನ ಗದ್ದಲವನ್ನೂ ಮಶೀನ್ ಜೊತೆಗೇ ದೊಡ್ಡದು ಮಾಡುತ್ತದೆ. ಶಾಲೆಗೆ ಹೋಗಿ ಹೀಗೆ ಕೇಳಿ: ಅವನಿಗೆ ಬೇರೆ ಶಾಂತ ಕೋಣೆಯಲ್ಲಿ, ಎದುರು ಕೂತು, ಮುಖ ಕಾಣುವ ಹಾಗೆ ಯಾರಾದರೂ ಓದಲಿ, ವಾಕ್ಯಕ್ಕೊಮ್ಮೆ ನಿಲ್ಲಿಸಲಿ. ಅದೂ ಕಷ್ಟವಾದರೆ ಆ ಚಟುವಟಿಕೆಯ ಬದಲು ಓದುವ ಚಟುವಟಿಕೆ ಕೊಡಲಿ. ಇದು ಯಾರೂ ದಯೆ ತೋರಿಸುವ ವಿಷಯವಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಇಂಥ ಮಕ್ಕಳಿಗಾಗಿ ಪರೀಕ್ಷಾ ಪದ್ಧತಿಯನ್ನು ಬದಲಿಸಬೇಕು ಅಂತಲೇ ಇದೆ, ಹೆಚ್ಚುವರಿ ಸಮಯ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿಯ ಮಾತೂ ಇದೆ. ಕೇಂಬ್ರಿಜ್‌ನಂಥ ಪರೀಕ್ಷೆಗಳಲ್ಲೂ ತುಟಿ ನೋಡಿ ಉತ್ತರಿಸುವ ವ್ಯವಸ್ಥೆ ಉಂಟು. ವೈದ್ಯರ ಪ್ರಮಾಣಪತ್ರ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ನಕಲು ಇಟ್ಟು ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ. ಹತ್ತನೇ ತರಗತಿಗೆ ಹೇಗೂ ಬೇಕಾಗುತ್ತದೆ, ಈಗಲೇ ಮಾಡಿಟ್ಟರೆ ಓಡಾಟ ಕಮ್ಮಿ.

ಶಿಕ್ಷಕರಿಗೂ ಒಂದು ಮಾತು. ಓದಿನಲ್ಲಿ ಚೆನ್ನಾಗಿರುವ ಮಗು ಕೇಳುವುದರಲ್ಲಿ ಮಾತ್ರ ಪ್ರತಿ ಸಲ ನೆಲ ಕಚ್ಚಿದರೆ, ಇಂಗ್ಲಿಷ್ ಬಗ್ಗೆ ತೀರ್ಮಾನ ಕೊಡುವ ಮೊದಲು ಕನ್ನಡದಲ್ಲೂ ಹಾಗೇ ಆಗುತ್ತದಾ ಅಂತ ನೋಡಿ. ಕನ್ನಡದಲ್ಲೂ ಹಾಗೇ ಆಗುತ್ತಿದ್ದರೆ ಮನೆಯವರಿಗೆ ಹೇಳಿ ಕಿವಿ ತೋರಿಸಲು ಕಳಿಸಿ.

ಪ್ರಶ್ನೆ: ಲಿಸನಿಂಗಿಗೆ ಆ್ಯಪ್ ಕೊಡಿಸಲಾ, ಕೋಚಿಂಗಿಗೆ ಹಾಕಲಾ? ಮಗ ಎಂಟನೇ ಕ್ಲಾಸ್.
— ತಾಯಿ, ಹಾಸನ

ಉತ್ತರ: ಎರಡೂ ಬೇಡ. ಮಗನಿಗೆ ಕ್ರಿಕೆಟ್ ಹುಚ್ಚು ಇದೆಯಾ? ಕಾಮೆಂಟರಿಯನ್ನು ಇಂಗ್ಲಿಷಿಗೆ ಬದಲಿಸಿ. ಆಟ ಕಣ್ಣಿಗೆ ಕಾಣುತ್ತಿರುತ್ತದೆ, ಏನಾಯಿತು ಅಂತ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಮಾತು ತಾನಾಗಿ ಅರ್ಥಕ್ಕೆ ಅಂಟಿಕೊಳ್ಳುತ್ತದೆ. ಸ್ವಲ್ಪ ದಿನ ಆದಮೇಲೆ ಒಂದು ಓವರ್ ಮಾತ್ರ ಟಿವಿಗೆ ಬೆನ್ನು ಮಾಡಿ ಕೂರಲಿ, ಏನಾಯಿತು ಅಂತ ಕನ್ನಡದಲ್ಲಿ ಹೇಳಲಿ, ನೀವು ನೋಡುತ್ತಿರುತ್ತೀರಲ್ಲ, ಸರಿ ತಪ್ಪು ನಿಮಗೇ ಗೊತ್ತಾಗುತ್ತದೆ. ರೈಲ್ವೆ ಸ್ಟೇಷನ್ನಿಗೆ ಹೋದಾಗ ಅನೌನ್ಸ್‌ಮೆಂಟ್ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರುತ್ತದೆ. ಇಂಗ್ಲಿಷ್ ಬಂದಾಗ ಏನು ಹಿಡಿದ ಅಂತ ಕೇಳಿ, ಕನ್ನಡದಲ್ಲಿ ಬಂದಾಗ ತಾಳೆ ನೋಡಲಿ. ಕ್ರಿಕೆಟ್ ಇಷ್ಟವಿಲ್ಲದಿದ್ದರೆ ಅಡುಗೆ, ಬೈಕ್ ರಿಪೇರಿ, ಮೀನು ಹಿಡಿಯುವ ವಿಡಿಯೋ, ಏನಾದರೂ ಆದೀತು, ಅವನಿಗೆ ಮೊದಲೇ ಗೊತ್ತಿರುವ ವಿಷಯ ಆಗಿರಬೇಕು ಅಷ್ಟೇ. ಕೆಳಗೆ ಬರುವ ಅಕ್ಷರಗಳನ್ನು ಮೊದಲ ಸಲ ಆಫ್ ಮಾಡಿ, ಎರಡನೇ ಸಲ ಆನ್ ಮಾಡಿ. ಮೊದಲಿನಿಂದಲೇ ಆನ್ ಇದ್ದರೆ ಅವನು ಓದುತ್ತಾನೆ, ಕೇಳುವುದಿಲ್ಲ.